ಹೊಳೆಗೆ ರಬ್ಬರ್ ಪ್ಯಾಂಟು ಯಾಕ್ರಿ?

ವೇಡರ್ಸ್ ತಗೋಬೇಡಿ. ಕೃಷ್ಣೆಗೂ ಬೇಡ, ಭೀಮೆಗೂ ಬೇಡ. ಆನ್‌ಲೈನ್ ಕಾರ್ಟಿಗೆ ಹಾಕಿದ್ದರೆ ಈಗಲೇ ತೆಗೆದುಬಿಡಿ.

ನಮ್ಮ ವಯಸ್ಸಿನವರಲ್ಲಿ ಈಚೆಗೆ ಗಾಳ ಹಾಕೋ ಹುಚ್ಚು ಜೋರಾಗಿದೆ. ಒಳ್ಳೇದೇ. ವಾರವೆಲ್ಲ ಪರದೆ ನೋಡಿ ದಣಿದ ಕಣ್ಣಿಗೆ ಹರಿಯೋ ನೀರು ನೋಡೋದಕ್ಕಿಂತ ದೊಡ್ಡ ಔಷಧಿ ಇಲ್ಲ. ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಯಾದಗಿರಿಯಲ್ಲಿ ಇಳಿದರೆ ಊರ ಪಕ್ಕದಲ್ಲೇ ಭೀಮೆ. ಶಹಾಪುರ, ಸುರಪುರದ ಕಡೆ ತಿರುಗಿದರೆ ಕೃಷ್ಣೆ. ನನ್ನ ತಕರಾರು ಹವ್ಯಾಸದ ಮೇಲಲ್ಲ, ಅದರ ಬೆನ್ನಿಗೇ ಬರೋ ಖರೀದಿ ಪಟ್ಟಿಯ ಮೇಲೆ. ಆ ಪಟ್ಟಿಯಲ್ಲಿ ರಾಡು, ರೀಲು ಆದಮೇಲೆ ಬರೋದು ಎದೆಮಟ್ಟದ ನೀರು ಹೋಗದ ಪ್ಯಾಂಟು, ಅದರ ಮೇಲೆ ಹಾಕೋ ಭಾರಿ ಬೂಟು. ಒಳ್ಳೆ ಬ್ರ್ಯಾಂಡಿನದಾದರೆ ಎರಡೂ ಸೇರಿ ಸಲೀಸಾಗಿ ಐದಂಕಿ ದಾಟುತ್ತೆ.

ಈ ಉಡುಪು ಹುಟ್ಟಿದ್ದು ಯಾಕೆ ಅಂತ ಒಂದು ಸಲ ಕೇಳಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಅದು ಹಿಮ ಕರಗಿ ಹರಿಯೋ ಹೊಳೆಗಳಿಗೆ ಮಾಡಿದ್ದು. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಕಸಿದುಕೊಳ್ಳುತ್ತೆ. ಹತ್ತು ಡಿಗ್ರಿ ನೀರಲ್ಲಿ ಗಂಟೆಗಟ್ಟಲೆ ನಿಂತು ಟ್ರೌಟ್ ಹಿಡಿಯೋನಿಗೆ ವೇಡರ್ಸ್ ಅಂದ್ರೆ ಜೀವ ಉಳಿಸೋ ಸಾಮಾನು. ನೀವು ಹಿಮಾಚಲದ ತೀರ್ಥನ್ ಕಣಿವೆಗೋ ಕಾಶ್ಮೀರದ ಲಿದ್ದರ್ ಹೊಳೆಗೋ ಹೊರಟಿದ್ದರೆ ಧಾರಾಳವಾಗಿ ತಗೊಳ್ಳಿ, ನಾನು ಅಡ್ಡ ಬರಲ್ಲ.

ಆದರೆ ನಮ್ಮ ಹೊಳೆಗಳಲ್ಲಿ ಕಾಲಿಟ್ಟು ನಿಲ್ಲಬಹುದಾದ ಕಾಲ ಅಂದ್ರೆ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ ಸೀಮೆಯ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಆ ಬಿಸಿಲಲ್ಲಿ ನಿಯೋಪ್ರೀನ್ ಪ್ಯಾಂಟು ಹಾಕಿದರೆ ಕುಕ್ಕರಿನೊಳಗೆ ಕಾಲಿಟ್ಟ ಹಾಗೆ. "ಉಸಿರಾಡುವ ಬಟ್ಟೆ ಇದೆಯಲ್ಲ" ಅಂತೀರಿ. ಆ ಬಟ್ಟೆ ಬೆವರಿನ ಆವಿಯನ್ನು ಹೊರಗೆ ದಾಟಿಸೋದು ಒಳಗಡೆ ಬಿಸಿ, ಹೊರಗಡೆ ತಂಪು ಮತ್ತು ಒಣಹವೆ ಇದ್ದಾಗ ಚೆನ್ನಾಗಿ. ಹೊರಗೂ ಕಾವು ಇದ್ದು, ಅರ್ಧ ಬಟ್ಟೆ ನೀರೊಳಗೆ ಮುಳುಗಿದ್ದರೆ ಆ ಉಸಿರು ಕಟ್ಟುತ್ತೆ. ಹೊಳೆಯ ನೀರು ಒಳಗೆ ಬರದಿರಬಹುದು, ನಿಮ್ಮ ಬೆವರಲ್ಲಿ ನೀವೇ ತೋಯುತ್ತೀರಿ. ತಂಪು ಮಾಡೋಕೆ ಅಂತಲೇ ಇರೋ ನೀರನ್ನು ದುಡ್ಡು ಕೊಟ್ಟು ಮೈಯಿಂದ ದೂರ ಇಟ್ಟುಕೊಳ್ಳೋದು ಎಂಥ ಜಾಣತನ?

ಇನ್ನು ಬೂಟು. ಬೂಟಿನ ಅಟ್ಟೆಯ ಬಗ್ಗೆ ಪರದೇಶದಲ್ಲಿ ದೊಡ್ಡ ವಾದವೇ ನಡೆದಿದೆ. ಕಂಬಳಿಯಂತೆ ಒತ್ತಿದ ಫೆಲ್ಟ್ ಅಟ್ಟೆ ಪಾಚಿ ಹಿಡಿದ ಕಲ್ಲಿನ ಮೇಲೆ ಚೆನ್ನಾಗಿ ಕಚ್ಚುತ್ತೆ. ಆದರೆ ಅದು ಬೇಗ ಒಣಗಲ್ಲ, ಒಂದು ಹೊಳೆಯ ಪಾಚಿಯನ್ನು ಹಸಿಯಾಗೇ ಇನ್ನೊಂದು ಹೊಳೆಗೆ ಹೊತ್ತುಕೊಂಡು ಹೋಗುತ್ತೆ. ಡಿಡಿಮೊ ಅನ್ನೋ ಪಾಚಿ 2004ರಲ್ಲಿ ತನ್ನ ನದಿಗಳಲ್ಲಿ ಕಾಣಿಸಿಕೊಂಡ ಮೇಲೆ ನ್ಯೂಜಿಲೆಂಡ್ 2008ರಲ್ಲಿ ಮೀನು ಹಿಡಿಯೋರು ಫೆಲ್ಟ್ ಅಟ್ಟೆ ಹಾಕೋದನ್ನೇ ನಿಷೇಧಿಸಿತು. ಅದೇ ಹಳೇ ಸಲಹೆ ಇಲ್ಲಿನ ಹುಡುಗರಿಗೆ ಇನ್ನೂ ಹೊಸದಾಗಿ ಮಾರಾಟ ಆಗ್ತಿದೆ.

ನಮ್ಮ ಹೊಳೆತಳ ಒಂದೇ ಥರದ್ದೂ ಅಲ್ಲ. ಸುರಪುರದ ಕಡೆ ಕೃಷ್ಣೆಯಲ್ಲಿ ಗ್ರಾನೈಟ್ ಬಂಡೆಗಳು, ಅವುಗಳ ಸಂದು. ಭೀಮೆಯ ಸೀಮೆಯಲ್ಲಿ ಶಹಾಬಾದಿ ಪರಸಿಯಂಥ ಸುಣ್ಣಕಲ್ಲಿನ ಹಾಸು, ದಂಡೆಗೆ ಬಂದರೆ ಮೊಣಕಾಲು ನುಂಗೋ ಯರಿ ಮಣ್ಣು. ಲೋಹದ ಮೊಳೆ ಹೊಡೆದ ಅಟ್ಟೆ ಬೋಳು ಗ್ರಾನೈಟಿನ ಮೇಲೆ ಜಾರುತ್ತೆ. ಫೆಲ್ಟ್ ಯರಿ ಮಣ್ಣಿಗೆ ಸಿಕ್ಕಿದರೆ ಎರಡೇ ಹೆಜ್ಜೆಗೆ ಕೆಸರುಂಡೆ. ಗಂಬೂಟು ಆ ಕೆಸರಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತೆ. ಹೊಳಿ ದಂಡಿಯ ಮಂದಿ ಕೆಸರಿಗೆ ಬರಿಗಾಲಲ್ಲಿ ಇಳಿಯೋದು ಬಡತನಕ್ಕಷ್ಟೇ ಅಲ್ಲ. ಬೆರಳು ಮಡಚಿ ಕಾಲು ಎಳೆದುಕೊಳ್ಳೋಕೆ ಬರೋದು ಬರಿಗಾಲಿಗೆ ಮಾತ್ರ.

ಆದರೆ ಚಳಿ, ಜಾರಿಕೆ ಇವೆರಡೂ ನಮ್ಮ ಹೊಳೆಯ ಮುಖ್ಯ ಭಯಗಳಲ್ಲ. ಮುಖ್ಯ ಭಯ ನೀರು ಏರೋದು. ಈ ಕಡೆಯ ಕೃಷ್ಣೆ ಹರಿಯೋದು ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಗೇಟಿನ ಲೆಕ್ಕದಲ್ಲಿ. ಅದರ ಮೇಲೆ ಆಲಮಟ್ಟಿ, ಅದರ ಮೇಲೆ ಮಹಾರಾಷ್ಟ್ರದ ಘಟ್ಟದ ಮಳೆ. ಭೀಮೆಗೆ ಉಜನಿ, ಸೊನ್ನ, ಸನ್ನತಿ. ಅಂದರೆ ಸುರಪುರದಲ್ಲಿ ಆಕಾಶ ಕನ್ನಡಿಯ ಹಾಗಿದ್ದರೂ ಹೊಳೆ ಏರಬಹುದು. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿದ್ದಿತ್ತು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್, ನೀವೇ ಗುಣಿಸಿಕೊಳ್ಳಿ. ಶಹಾಪುರ ತಾಲ್ಲೂಕಿನ ಕೊಳ್ಳೂರು (ಎಂ) ಸೇತುವೆ ಮುಳುಗಿತು ಅನ್ನೋ ಸುದ್ದಿ ನಮಗೆ ಹೊಸದೇನಲ್ಲ. ಸೇತುವೆಯೇ ಮುಳುಗೋ ಹೊಳೆಯಲ್ಲಿ ಎದೆಮಟ್ಟದ ಪ್ಯಾಂಟು ಯಾವ ಲೆಕ್ಕ?

ಅಷ್ಟು ದೊಡ್ಡ ನೆರೆಯೇ ಬೇಕಿಲ್ಲ. ನೀರಿನ ವೇಗ ಎರಡರಷ್ಟಾದರೆ ಅದು ನಿಮ್ಮನ್ನು ತಳ್ಳೋ ಬಲ ನಾಲ್ಕರಷ್ಟಾಗುತ್ತೆ. ಮೊಣಕಾಲುದ್ದ ನೀರಲ್ಲಿ ನೆಟ್ಟಗೆ ನಿಂತಿದ್ದವನು ಅದೇ ಆಳದಲ್ಲಿ ಬೀಳಬಹುದು. ಬಿದ್ದಾಗ ವೇಡರ್ಸ್ ಏನು ಮಾಡುತ್ತೆ? ನೀರು ತುಂಬಿದ ಕೂಡಲೇ ಅದು ಕಲ್ಲಿನ ಹಾಗೆ ಕೆಳಗೆ ಎಳೆಯುತ್ತೆ ಅನ್ನೋದು ಪೂರ್ತಿ ನಿಜವಲ್ಲ, ನೀರೊಳಗಿದ್ದಾಗ ನೀರಿಗೆ ತೂಕ ಇಲ್ಲ. ನಿಜವಾದ ಕಷ್ಟ ಬೇರೆ. ತುಂಬಿದ ಚೀಲದಂಥ ಪ್ಯಾಂಟಲ್ಲಿ ಕಾಲು ಆಡಿಸೋಕೆ ಆಗಲ್ಲ, ಸೆಳವು ಆ ಚೀಲವನ್ನು ಹಿಡಿದುಕೊಳ್ಳುತ್ತೆ. ದಂಡೆ ಹತ್ತೋಕೆ ಹೋದಾಗ ಒಳಗಿನ ನೀರಿನ ತೂಕವೆಲ್ಲ ಒಮ್ಮೆಗೇ ಕಾಲಿಗೆ ಬೀಳುತ್ತೆ. ಸೊಂಟಕ್ಕೆ ಬೆಲ್ಟು ಬಿಗಿದರೆ ನೀರು ಒಳಗೆ ಹೋಗೋದು ನಿಧಾನ ಆಗುತ್ತೆ, ಅಷ್ಟೇ.

ಇದರ ಮೇಲೆ ಮರಳು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರು ಅಂತ ಹೆಜ್ಜೆ ಇಟ್ಟರೆ ಮುಂದಿನ ಹೆಜ್ಜೆಗೆ ಆಳು ಮುಳುಗೋ ಮಡು. ದಂಡೆಯಲ್ಲಿ ಹೊಲಕ್ಕೆ ನೀರೆತ್ತೋ ಪಂಪ್‌ಸೆಟ್ಟಿನ ವೈರು. ಕೃಷ್ಣೆಯಲ್ಲಿ ಮೊಸಳೆ. ಇವುಗಳಲ್ಲಿ ಒಂದಕ್ಕೂ ಬೂಟಿನಲ್ಲಿ ಉತ್ತರ ಇಲ್ಲ.

ಹಾಗಾದರೆ ಏನು ಹಾಕೋದು? ಬೇಗ ಒಣಗೋ ಚಡ್ಡಿ. ಹಿಮ್ಮಡಿಗೆ ಪಟ್ಟಿ ಇರೋ, ಬೆರಳು ಮುಚ್ಚೋ, ಮೆದು ರಬ್ಬರ್ ಅಟ್ಟೆಯ ಸ್ಯಾಂಡಲ್. ಹವಾಯಿ ಚಪ್ಪಲಿ ಬೇಡ, ಅದು ಮೊದಲು ತೇಲಿ ಹೋಗುತ್ತೆ, ಅದನ್ನು ಹಿಡಿಯೋಕೆ ನೀವು ಹೋಗುತ್ತೀರಿ. ಕಾಲಿಗೆ ಗಾಯ ಇದ್ದರೆ ಆ ದಿನ ನೀರಿಗೆ ಇಳೀಬೇಡಿ, ಇಲಿಜ್ವರ ಒಳಗೆ ಬರೋ ಬಾಗಿಲೇ ಅದು. ಧನುರ್ವಾಯು ಚುಚ್ಚುಮದ್ದು ಕೊನೆಗೆ ಯಾವಾಗ ಹಾಕಿಸಿಕೊಂಡಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಕೈಯಲ್ಲಿ ಎದೆಯೆತ್ತರದ ಬಿದಿರು ಬಡಿಗಿ ಇರಲಿ, ಹೆಜ್ಜೆಗೆ ಮುಂಚೆ ಬಡಿಗಿ. ಊರಿಗೆ ವಾಪಸಾದ ಮೇಲೆ ಸ್ಯಾಂಡಲ್ ತೊಳೆದು ಪೂರ್ತಿ ಒಣಗಿಸಿ, ಒಂದು ಕೆರೆಯ ಕಸ ಇನ್ನೊಂದಕ್ಕೆ ದಾಟಬಾರದು. ಎಲ್ಲಕ್ಕಿಂತ ಮೇಲೆ ಒಂದು ಲೈಫ್ ಜಾಕೆಟ್. ನಿಮ್ಮ ತೂಕಕ್ಕೆ ಸರಿಯಾದದ್ದು, ಬಕಲು ಹಾಕಿಕೊಂಡದ್ದು.

ಇಷ್ಟೆಲ್ಲದರ ಬೆಲೆ ಆ ಪ್ಯಾಂಟಿನ ಬೆಲೆಯ ಹತ್ತಿರಕ್ಕೂ ಹೋಗಲ್ಲ. ಆದರೂ ಖರೀದಿ ಪಟ್ಟಿಯಲ್ಲಿ ಲೈಫ್ ಜಾಕೆಟ್ ಕೊನೆಗೆ, ಬಹಳ ಸಲ ಇರೋದೇ ಇಲ್ಲ. ಯಾಕಂದ್ರೆ ವೇಡರ್ಸ್ ಹಾಕಿದ ಫೋಟೊದಲ್ಲಿ ನೀವು ಬೇಟೆಗಾರ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಫೋಟೊದಲ್ಲಿ ಪಿಕ್ನಿಕ್ ಹುಡುಗ.

ಹೊಳೆಯ ಮಂದಿಗೆ ಈ ಗೊಂದಲ ಇಲ್ಲ. ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿಯ ಸುತ್ತ ಕೃಷ್ಣೆ ತುಂಬಿದಾಗ ಜನ ಒಣಗಿದ ಸೋರೆ ಬುರುಡೆ ಮೈಗೆ ಕಟ್ಟಿಕೊಂಡು ಈಜಿ ದಾಟಿದ್ದು 2013ರಲ್ಲಿ ದೇಶದಾಚೆಗೂ ಸುದ್ದಿಯಾಗಿತ್ತು. ಅದನ್ನು ಸಾಹಸ ಅಂತ ಕೊಂಡಾಡೋಕೆ ನನಗೆ ಮನಸ್ಸಿಲ್ಲ, ಅದು ಗತಿಯಿಲ್ಲದ ದಾಟು. ಆದರೆ ಆ ಬುರುಡೆಯಲ್ಲಿ ಇರೋ ಬುದ್ಧಿ ನಮ್ಮ ಪಟ್ಟಿಯಲ್ಲಿ ಇಲ್ಲ. ಹೊಳೆಗೆ ಹೋಗುವಾಗ ಮೈಗೆ ಕಟ್ಟಿಕೊಳ್ಳಬೇಕಾದ್ದು ತೇಲೋ ವಸ್ತು, ತುಂಬೋ ವಸ್ತು ಅಲ್ಲ.

ಅಳತೆ ಇದೇ ಅಂತ ಒಪ್ಪಿದರೆ ಮುಂದಿನ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ತಿಂಗಳಿಗೊಂದು ಭಾನುವಾರ ಹೊಳೆಗೆ ಹೋಗೋ ನಮಗೆ ಇಷ್ಟು ಚರ್ಚೆ. ದಿನಾ ನಸುಕಿನಲ್ಲಿ ಹರಗೋಲು ಇಳಿಸಿ, ಬಲೆ ಬಿಚ್ಚೋಕೆ ಸೊಂಟದುದ್ದ ನೀರಲ್ಲಿ ನಿಲ್ಲೋ ಅಂಬಿಗರ, ಕಬ್ಬಲಿಗರ ಮೈಮೇಲೆ ಏನಿದೆ? ಲುಂಗಿ, ಬನಿಯನ್ನು. ಹರಗೋಲಿನಲ್ಲಿ ಲೈಫ್ ಜಾಕೆಟ್ ಹುಡುಕಿ ನೋಡಿ. "ಈಜು ಬರ್ತದಲ್ರಿ ಅವ್ರಿಗೆ" ಅನ್ನೋ ಉತ್ತರ ಸಿಗುತ್ತೆ. ಈಜು ಬರೋರೂ ಸೆಳವಿಗೆ ಸಿಗುತ್ತಾರೆ, ಈಜು ಬರೋರೂ ಬಲೆಯಲ್ಲಿ ಕಾಲು ಸಿಕ್ಕಿಸಿಕೊಳ್ಳುತ್ತಾರೆ.

ಪ್ರತಿ ವರ್ಷ ಜನವರಿ 21ಕ್ಕೆ ಅಂಬಿಗರ ಚೌಡಯ್ಯನವರ ಜಯಂತಿ. ಹಾರ, ಶಾಲು, ಭಾಷಣ ಎಲ್ಲ ಆಗುತ್ತೆ. ಆಗಲಿ, ಬೇಡ ಅನ್ನಲ್ಲ. ಅವತ್ತೇ ಆ ವೇದಿಕೆಯ ಮೇಲೆ ಹರಗೋಲಿಗೆ ಎರಡರಂತೆ ಲೈಫ್ ಜಾಕೆಟ್ ಯಾಕೆ ಕೊಡಬಾರದು? ಇದು ಸರ್ಕಾರಕ್ಕೆ ಕೇಳೋ ಪ್ರಶ್ನೆ. ನಮಗೆ ಕೇಳಬೇಕಾದ್ದೂ ಒಂದಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಮ್ಮಲ್ಲಿ ಎಷ್ಟೋ ಜನ ಅಂಥ ಕಂಪನಿಗಳಲ್ಲೇ ಇದ್ದೀವಿ, ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿದ್ದೀವಿ. ಮುಂದಿನ ಮೀಟಿಂಗಿನಲ್ಲಿ ಯಾರಾದರೂ ಕೈ ಎತ್ತಿ ಒಂದು ಹೊಳೆಯ ಹೆಸರು ಹೇಳಬಹುದು. ಒಂದು ಜೊತೆ ವೇಡರ್ಸ್ ದುಡ್ಡಿಗೆ ಎಷ್ಟು ಜಾಕೆಟ್ ಬರುತ್ತೆ ಅಂತ ಲೆಕ್ಕ ಹಾಕೋಕೆ ಎಕ್ಸೆಲ್ ಶೀಟೂ ಬೇಕಾಗಲ್ಲ.

ಮೀನು ಸಿಕ್ಕರೆ ಸಿಗಲಿ, ಬಿಟ್ಟರೆ ಬಿಡಲಿ. ಜಿಲೇಬಿ, ರೋಹು ನಿಮ್ಮ ಬೂಟಿನ ಬ್ರ್ಯಾಂಡು ನೋಡಿ ಗಾಳ ಕಚ್ಚಲ್ಲ. ಹೊಳೆ ಕೂಡ ಬ್ರ್ಯಾಂಡು ನೋಡಿ ಬಿಡಲ್ಲ. ನೀರಿಗೆ ಇಳಿಯೋ ಮುಂಚೆ ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿರೋ ಹಿರಿಯರ ಹತ್ತಿರ ಹೋಗಿ, "ಕಾಕಾ, ಇವತ್ತ ನೀರ ಬಿಟ್ಟಾರೇನ್ರಿ?" ಅಂತ ಕೇಳಿ. ಅವರು ಬೇಡ ಅಂದರೆ ಗಾಳ ಮಡಚಿಟ್ಟು ದಂಡೆ ಮೇಲೇ ಕೂತು ಚಹಾ ಕುಡೀರಿ.