ಹಾದಿಯ ಹಕ್ಕು, ಹಾದಿಯ ಹೊಣೆ

ಊರಿನಿಂದ ಊರಿಗೆ ಹಾದಿ ಬಿದ್ದುದು ಯಾವ ಅರಸನ ಅಪ್ಪಣೆಯಿಂದಲೂ ಅಲ್ಲ. ಅನೇಕರ ಕಾಲುಗಳು ಒಂದೇ ಜಾಡಿನಲ್ಲಿ ನಡೆದುದರಿಂದ. ಆದುದರಿಂದಲೇ ಹಾದಿಯೆಂಬುದು ಎಲ್ಲರ ಸ್ವತ್ತು ಎಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಆದರೆ ಎಲ್ಲರ ಸ್ವತ್ತಾದುದು ಕ್ರಮೇಣ ಯಾರ ಹೊಣೆಯೂ ಅಲ್ಲವಾಗುವುದು ಲೋಕರೂಢಿ. ಊರ ಕೆರೆ, ಗೋಮಾಳ, ಗುಂಡುತೋಪುಗಳ ಗತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ಪ್ರಶ್ನೆ ಈಗ ಕಾಡಿನ ಕಾಲುಹಾದಿಗಳ ಬಳಿಗೆ ಬಂದು ನಿಂತಿದೆ. ದಪ್ಪ ಟೈರಿನ, ಹಲವು ಗೇರುಗಳ ಮೌಂಟನ್ ಬೈಕನ್ನೇರಿ ಗುಡ್ಡ ಹತ್ತಿಳಿಯುವ ಹವ್ಯಾಸ ನಮ್ಮ ತರುಣರಲ್ಲಿಯೂ ಬೆಳೆಯುತ್ತಿದೆ. ಮೈಗೆ ವ್ಯಾಯಾಮ, ಮನಸ್ಸಿಗೆ ಉಲ್ಲಾಸ, ಹೊಗೆಯಿಲ್ಲ, ಸದ್ದಿಲ್ಲ, ಇದನ್ನು ತಪ್ಪೆನ್ನುವವರಾರು? ಆದರೂ ರಕ್ಷಿತಾರಣ್ಯದ ಹಾದಿಗಳನ್ನು ಇವರಿಗೆ ತೆರೆಯಬೇಕೆ, ಮುಚ್ಚಬೇಕೆ ಎಂಬುದು ಸುಲಭದ ಮಾತಲ್ಲ. ಉತ್ತರ ಹುಡುಕುವ ಮುನ್ನ ಈ ಸೈಕಲ್ಲು ಹುಟ್ಟಿದ ನಾಡಿನಲ್ಲಿ ನಡೆದುದನ್ನು ಅವಲೋಕಿಸುವುದು ಲೇಸು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆ. ಅದರ ನೆತ್ತಿಯ ಮೇಲೆ ಟಮಲ್‌ಪಾಯಸ್ ಎಂಬ ಬೆಟ್ಟ. ಎತ್ತರ 2,500 ಅಡಿಗಳಿಗೆ ತುಸು ಹೆಚ್ಚು. ಈ ಬೆಟ್ಟದ ಕಾಡು ಉಳಿದುದರಲ್ಲಿ ದಾನಿಗಳ ಪಾಲು ದೊಡ್ಡದು. ವಿಲಿಯಂ ಕೆಂಟ್ ಮತ್ತು ಎಲಿಜಬೆತ್ ಕೆಂಟ್ ದಂಪತಿಗಳು ತಾವು ಕೊಂಡ ಭೂಮಿಯಲ್ಲಿ 295 ಎಕರೆ ರೆಡ್‌ವುಡ್ ಕಾಡನ್ನು ರಾಷ್ಟ್ರಕ್ಕೆ ಅರ್ಪಿಸಿದರು. 1908ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಅದಕ್ಕೆ ತನ್ನ ಹೆಸರನ್ನಿಡದೆ ನಿಸರ್ಗಪ್ರೇಮಿ ಜಾನ್ ಮ್ಯೂರ್ ಅವರ ಹೆಸರನ್ನಿಡಬೇಕೆಂದು ಕೆಂಟ್ ಕೋರಿದುದು ದಾನಧರ್ಮವನ್ನು ಬಲ್ಲ ನಮ್ಮ ಓದುಗರಿಗೆ ಪ್ರಿಯವಾಗದಿರದು.

ಈ ಬೆಟ್ಟದ ಆಸುಪಾಸಿನಲ್ಲಿಯೇ 1970ರ ದಶಕದಲ್ಲಿ ಕೆಲವು ತರುಣರು ಹಳೆಯ ಭಾರದ ಸೈಕಲ್ಲುಗಳನ್ನು ಮಣ್ಣುದಾರಿಯ ಇಳಿಜಾರಿನಲ್ಲಿ ಓಡಿಸತೊಡಗಿದರು. 1976ರಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ‘ರೀಪ್ಯಾಕ್’ ಎಂಬ ಪಂದ್ಯ ಆರಂಭವಾಯಿತು. ಸುಮಾರು ಎರಡು ಮೈಲಿಗಳ ಹಾದಿಯಲ್ಲಿ 1,300 ಅಡಿ ಇಳಿತ! ಕೆಳಗಿಳಿಯುವಷ್ಟರಲ್ಲಿ ಬ್ರೇಕು ಕಾದು ಹಬ್ಬಿನ ಗ್ರೀಸು ಉರಿದುಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾದುದರಿಂದಲೇ ಆ ಹೆಸರು. ಮರುವರ್ಷ ಜೋ ಬ್ರೀಜ್ ಎಂಬಾತ ಈ ಉದ್ದೇಶಕ್ಕಾಗಿಯೇ ಹೊಸ ಚೌಕಟ್ಟನ್ನು ನಿರ್ಮಿಸಿದನು. 1981ರ ಹೊತ್ತಿಗೆ ಇಂತಹ ಸೈಕಲ್ಲುಗಳು ಕಾರ್ಖಾನೆಗಳಲ್ಲಿ ಸಗಟಾಗಿ ತಯಾರಾಗತೊಡಗಿದವು. ಹತ್ತಾರು ಗೆಳೆಯರ ವಿನೋದವು ಕೆಲವೇ ವರ್ಷಗಳಲ್ಲಿ ಲೋಕವ್ಯಾಪಿಯಾಯಿತು.

ಜನ ಹೆಚ್ಚಿದಂತೆ ಜಗಳವೂ ಹೆಚ್ಚಿತು. ಕಿರುದಾರಿಯ ತಿರುವಿನಲ್ಲಿ ಸದ್ದಿಲ್ಲದೆ ಎರಗುವ ಸೈಕಲ್ಲಿಗೆ ಪಾದಚಾರಿಗಳು ಅಂಜಿದರು, ಕುದುರೆಗಳು ಬೆದರಿದವು. ಟಮಲ್‌ಪಾಯಸ್ ಬೆಟ್ಟದ ಜಲಾನಯನ ಪ್ರದೇಶದಲ್ಲಿ ಕಿರಿದಾದ ಕಾಲುಹಾದಿಗಳು ಸೈಕಲ್ಲಿಗೆ ಮುಚ್ಚಿದವು. ಬೆಂಕಿ ನಂದಿಸಲು ಮಾಡಿದ ಅಗಲದ ಮಣ್ಣುರಸ್ತೆಗಳು ಮಾತ್ರ ಉಳಿದವು. ಅಲ್ಲಿಯೂ ಗಂಟೆಗೆ 15 ಮೈಲಿ, ಕಾಣದ ತಿರುವಿನಲ್ಲಿ 5 ಮೈಲಿ ಎಂಬ ವೇಗದ ಮಿತಿ. ರಾಷ್ಟ್ರಮಟ್ಟದಲ್ಲಿಯೂ ಹೀಗೆಯೇ ಆಯಿತು. 1964ರ ವನ್ಯಪ್ರದೇಶ ಕಾನೂನು ಯಾಂತ್ರಿಕ ಸಾರಿಗೆಯನ್ನು ನಿಷೇಧಿಸಿತ್ತು. 1984ರಲ್ಲಿ ಅರಣ್ಯ ಇಲಾಖೆಯು ಸೈಕಲ್ಲೂ ಅದರೊಳಗೆ ಬರುವುದೆಂದು ಸ್ಪಷ್ಟಪಡಿಸಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನಗಳ ಇಲಾಖೆಯು ಕಾಲುಹಾದಿಗಳಲ್ಲಿ ವಿಶೇಷ ನಿಯಮವಿಲ್ಲದೆ ಸೈಕಲ್ ಸಲ್ಲದೆಂದು ವಿಧಿಸಿತು. ಆಗ ಸವಾರರು ಎಚ್ಚೆತ್ತು 1988ರಲ್ಲಿ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿಕೊಂಡರು. ವಾದದ ಜೊತೆಗೆ ಗುದ್ದಲಿಯನ್ನೂ ಹಿಡಿದು ಹಾದಿ ಕಟ್ಟಲು, ದುರಸ್ತಿ ಮಾಡಲು ಮುಂದಾದರು. 2012ರಲ್ಲಿ ಆ ನಿಯಮ ತುಸು ಸಡಿಲವಾಯಿತು: ಪರಿಸರದ ಪರಿಣಾಮವನ್ನು ಪರಿಶೀಲಿಸಿ, ಸಾರ್ವಜನಿಕರ ಅಭಿಪ್ರಾಯ ಪಡೆದು, ಇರುವ ಹಾದಿಗಳಲ್ಲಿ ಅನುಮತಿ ನೀಡುವ ಅವಕಾಶ ದೊರೆಯಿತು. ಮೊದಲೇ ಕೂಡಿ ಮಾತನಾಡಿದ್ದರೆ ಉಳಿಯಬಹುದಾಗಿದ್ದ ಎಷ್ಟೋ ವರ್ಷಗಳ ವೈಮನಸ್ಯ ಅಲ್ಲಿ ವ್ಯರ್ಥವಾಗಿ ಬೆಳೆಯಿತೆಂದು ನನ್ನ ಎಣಿಕೆ.

ಇನ್ನು ಸೈಕಲ್ಲು ನಿಜಕ್ಕೂ ನೆಲವನ್ನು ಕೆಡಿಸುವುದೆ? 1994ರಲ್ಲಿ ಪ್ರಕಟವಾದ ಮೊಂಟಾನಾ ರಾಜ್ಯದ ಅಧ್ಯಯನವೊಂದರಲ್ಲಿ ಪಾದಚಾರಿ, ಕುದುರೆ, ಮೋಟಾರು ಸೈಕಲ್ಲು, ಬೈಸಿಕಲ್ಲುಗಳನ್ನು ಹೋಲಿಸಿ ನೋಡಿದರು. ಗೊರಸು ಮತ್ತು ಪಾದಗಳೇ ಗಾಲಿಗಳಿಗಿಂತ ಹೆಚ್ಚು ಮಣ್ಣನ್ನು ಸಡಿಲಿಸಿದ್ದವು. ಇದರಿಂದ ಸವಾರನು ಹಿಗ್ಗಬೇಕಾಗಿಲ್ಲ. ಬ್ರೇಕು ಹಿಡಿದು ಜಾರಿದ ಗಾಲಿಯು ಕೊರೆದ ಗೆರೆಯಲ್ಲಿ ಮಳೆನೀರು ಹರಿದರೆ ಅದೇ ಕೊರಕಲಾಗುತ್ತದೆ. ಹಾದಿಯ ನಿಜವಾದ ಶತ್ರು ಕಾಲೂ ಅಲ್ಲ, ಗಾಲಿಯೂ ಅಲ್ಲ. ದಾರಿ ತಪ್ಪಿದ ನೀರು. ಆದುದರಿಂದ ಹಾದಿ ಕಟ್ಟುವವರು ಕೆಲವು ಸೂತ್ರಗಳನ್ನು ಪಾಲಿಸುತ್ತಾರೆ: ಹಾದಿಯ ಏರು ಗುಡ್ಡದ ಮೈಯ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ ಏರು ನೂರಕ್ಕೆ ಹತ್ತರೊಳಗಿರಬೇಕು, ಹೊರ ಅಂಚು ತುಸು ತಗ್ಗಿರಬೇಕು, ನೀರು ಹೊರಬೀಳುವಂತೆ ಅಲ್ಲಲ್ಲಿ ಹಾದಿಯೇ ತಗ್ಗಿ ಮತ್ತೆ ಏರಬೇಕು. ಹೊಲಕ್ಕೆ ಬದು ಹಾಕಿ ಹೆಚ್ಚಾದ ನೀರಿಗೆ ಕೋಡಿ ಬಿಡುವ ನಮ್ಮ ರೈತನಿಗೆ ಇದು ಹೊಸ ವಿದ್ಯೆಯಲ್ಲ. ಮಣ್ಣು ನೆನೆದಿರುವಾಗ ಹಾದಿಯನ್ನು ಮುಚ್ಚುವುದೂ ಇದೇ ವಿವೇಕದ ಭಾಗ.

ಮಣ್ಣಿನ ಮಾತು ಹೀಗಾದರೆ, ಮೃಗಗಳ ಮಾತು ಬೇರೆ. ಯೂಟಾ ರಾಜ್ಯದ ಆಂಟಿಲೋಪ್ ದ್ವೀಪದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕಾಡೆಮ್ಮೆ, ಜಿಂಕೆಗಳ ಜಾತಿಯ ಪ್ರಾಣಿಗಳು ಹಾದಿಯಿಂದ ನೂರು ಮೀಟರಿನೊಳಗಿದ್ದರೆ ಜನರನ್ನು ಕಂಡು ಬೆದರಿ ಓಡುವ ಸಂಭವ ನೂರಕ್ಕೆ ಎಪ್ಪತ್ತರಷ್ಟು. ಬಂದವರು ಸೈಕಲ್ಲಿನಲ್ಲಿ ಬಂದರೂ ನಡೆದು ಬಂದರೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಸಂದರ್ಶಕರಲ್ಲಿ ಅರ್ಧದಷ್ಟು ಮಂದಿ ತಮ್ಮಿಂದ ಪ್ರಾಣಿಗಳಿಗೆ ಯಾವ ಬಾಧೆಯೂ ಇಲ್ಲವೆಂದೇ ನಂಬಿದ್ದರು! ನಮಗೆ ತಿಳಿಯದಂತೆಯೇ ನಾವು ಪರಪೀಡೆ ಮಾಡುತ್ತಿರಬಹುದೆಂಬ ಈ ಎಚ್ಚರವೇ ದಯೆಯ ಮೊದಲ ಮೆಟ್ಟಿಲು.

ನಮ್ಮ ನಾಡಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದ ಪ್ರವೇಶಕ್ಕೆ ಅನುಮತಿ ಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರವನ್ನು ನಿರ್ಬಂಧಿಸಿ, ಕಾಡಿಗೂ ನಿದ್ರೆಯ ಹೊತ್ತುಂಟೆಂದು ಒಪ್ಪಿಕೊಂಡೆವು. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ನೆರೆದ ದೃಶ್ಯವನ್ನು ಕಂಡು ನಾಡೇ ಬೆರಗಾಯಿತು. ಅನಂತರ ಸರ್ಕಾರವು ಮುಂಗಡ ನೋಂದಣಿಯನ್ನೂ, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನೂ ತಂದಿತು. ಇದು ಸ್ತುತ್ಯವಾದ ಕ್ರಮ. ಆದರೆ ಎಣಿಕೆಯೊಂದೇ ಸಾಲದು. ಮುನ್ನೂರು ಮಂದಿಯನ್ನು ಹೊರಬಲ್ಲ ಹಾದಿಯೂ ಉಂಟು, ಮೂವತ್ತು ಮಂದಿಗೇ ಸವೆದುಹೋಗುವ ಹಾದಿಯೂ ಉಂಟು. ಮುಂಗಾರಿನಲ್ಲಿ ನೂರಾರು ಅಂಗುಲ ಮಳೆ ಸುರಿಯುವ ಪಶ್ಚಿಮಘಟ್ಟಕ್ಕೆ ಒಣನಾಡಿನ ಲೆಕ್ಕ ಹೊಂದದು.

ಈ ಎಲ್ಲವನ್ನೂ ತೂಗಿ ನನ್ನ ಅಭಿಪ್ರಾಯವನ್ನು ಮೂರು ಮಾತುಗಳಲ್ಲಿ ಹೇಳುವೆನು. ಮೊದಲನೆಯದಾಗಿ, ಹುಲಿ ಆನೆಗಳ ಒಡಲಕಾಡು ಯಾರ ಕ್ರೀಡಾಂಗಣವೂ ಅಲ್ಲ. ಅಲ್ಲಿ ಸೈಕಲ್ಲು ಬೇಡ, ಇದರಲ್ಲಿ ರಾಜಿಯೂ ಬೇಡ. ಎರಡನೆಯದಾಗಿ, ಅಂಚಿನ ಕಾಡು, ಹಳೆಯ ಗಾಡಿದಾರಿಗಳಂತಹ ಕಡೆ ಮಣ್ಣು, ನೀರು, ಇಳಿಜಾರುಗಳನ್ನು ಪರೀಕ್ಷಿಸಿ, ಮಳೆಗಾಲದಲ್ಲಿ ಮುಚ್ಚುವ ಕಟ್ಟಳೆಯೊಡನೆ ಕೆಲವು ಹಾದಿಗಳನ್ನು ತೆರೆಯಬಹುದು. ಎಲ್ಲವನ್ನೂ ಮುಚ್ಚಿದರೆ ಕಾಡನ್ನು ಕಾಣದ ಪೀಳಿಗೆ ಬೆಳೆದೀತು; ಕಾಣದುದನ್ನು ಕಾಯುವವರು ವಿರಳ. ಮೂರನೆಯದಾಗಿ, ಸೌದೆ ಆರಿಸುವ ಬಡವಿಗೆ, ದನ ಮೇಯಿಸುವ ಹುಡುಗನಿಗೆ ‘ಒಳಗೆ ಬರಬೇಡ’ ಎಂದ ಬೇಲಿಯು ಲಕ್ಷ ರೂಪಾಯಿಯ ಸೈಕಲ್ಲಿಗೆ ತೆರೆಯುವುದಾದರೆ ಅದು ಅನ್ಯಾಯ. ಕಾಡಂಚಿನ ಜನರ ಒಪ್ಪಿಗೆ ಪಡೆದು, ಹಾದಿ ಕಾಯುವ ಕೆಲಸವನ್ನೂ ಅದರ ಸಂಬಳವನ್ನೂ ಮೊದಲು ಅವರಿಗೆ ಕೊಡಬೇಕು.

ಶುಲ್ಕ ತೆತ್ತೊಡನೆ ಋಣ ತೀರಿತೆಂದು ಸವಾರನು ಭಾವಿಸಲಾಗದು. ಹಾದಿಯಲ್ಲಿ ಸುಖಪಟ್ಟವನು ವರ್ಷಕ್ಕೊಮ್ಮೆಯಾದರೂ ಸನಿಕೆ ಹಿಡಿದು ಅದರ ಚರಂಡಿ ತೆಗೆಯಲಿ. ದುಡಿಯದೆ ಉಣ್ಣಬಾರದೆಂಬುದು ಕಾಯಕತತ್ತ್ವ. ಪಡೆದುದನ್ನು ಸಮುದಾಯಕ್ಕೆ ಮರಳಿಸುವುದು ದಾಸೋಹ. ಈ ಎರಡನ್ನೂ ಅನ್ನದ ಪಂಕ್ತಿಗಷ್ಟೇ ಏಕೆ ಮೀಸಲಿಡಬೇಕು? ಮಠದ ಶಾಲೆಯ ಮಕ್ಕಳು ಪ್ರವಾಸಕ್ಕೆ ಹೊರಡುವಾಗ ಬುತ್ತಿಯೊಡನೆ ಒಂದೆರಡು ಗುದ್ದಲಿಗಳನ್ನೂ ಒಯ್ಯಲಿ. ಉಪಾಧ್ಯಾಯರು ಸಮಪಾತಳಿಯ ಪಾಠವನ್ನು ಹಲಗೆಯ ಬದಲು ಗುಡ್ಡದ ಮೇಲೆ ಕಲಿಸಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಂದು ಹಾದಿಯ ಪಾಲನೆಯನ್ನು ವಹಿಸಿಕೊಳ್ಳಲಿ. ಮೊದಲ ಮಳೆಯಲ್ಲಿ ನೀರು ಹಾದಿಯನ್ನು ಬಿಟ್ಟು ಪಕ್ಕಕ್ಕೆ ಸರಿದುದನ್ನು ಕಂಡ ಹುಡುಗನು ಮುಂದೆ ಯಾವ ಕಾಡನ್ನೂ ಕೆಡಿಸಲಾರನು ಎಂಬುದು ನನ್ನ ದೃಢವಾದ ನಂಬಿಕೆ.