ಪೇಟೆಯ ಮನಸ್ಸೂ ದುಡಿಮೆಯ ಹಣವೂ

ನಮ್ಮ ಕಾರ್ಮಿಕ ಬಂಧುಗಳಲ್ಲಿ ಹಲವರು ಇಂದು ಮೊಬೈಲ್ ಫೋನಿನಲ್ಲಿಯೇ ಶೇರುಗಳನ್ನು ಕೊಳ್ಳತೊಡಗಿದ್ದಾರೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ದೇಶದ ಉದ್ಯಮಗಳಲ್ಲಿ ದುಡಿಯುವವನಿಗೂ ಪಾಲಿರುವುದು ನ್ಯಾಯವೇ. ಆದರೆ ದಲಾಲ್ ಸ್ಟ್ರೀಟಿಗೆ ಲೆಕ್ಕದ ಬುದ್ಧಿಯಿರುವಂತೆ ಒಂದು ಚಂಚಲ ಮನಸ್ಸೂ ಉಂಟೆಂಬುದನ್ನು ಮರೆಯಕೂಡದು.

೨೦೨೪ರ ಲೋಕಸಭಾ ಚುನಾವಣೆಯನ್ನೇ ನೋಡಿರಿ. ಮತದಾನೋತ್ತರ ಸಮೀಕ್ಷೆಗಳನ್ನು ನಂಬಿ ಜೂನ್ ೩ರಂದು ಸೆನ್ಸೆಕ್ಸ್ ೨,೫೦೦ ಅಂಶಗಳಿಗೂ ಮಿಕ್ಕಿ ಏರಿತು. ಮರುದಿನ ಎಣಿಕೆ ಬೇರೆಯಾಗಿ ಕಾಣಲು ಸುಮಾರು ೪,೩೯೦ ಅಂಶ ಕುಸಿಯಿತು. ಅದರ ಮರುದಿನ ಪುನಃ ೨,೩೦೦ ಏರಿತು. ಈ ಮೂರು ದಿನಗಳಲ್ಲಿ ಎಷ್ಟು ಕಾರಖಾನೆಗಳು ಹೊಸದಾಗಿ ತೆರೆದವು, ಎಷ್ಟು ಮುಚ್ಚಿದವು? ಬದಲಾದುದು ಹಣ ಹೂಡಿದವರ ಆಸೆ ಮತ್ತು ಅಂಜಿಕೆ.

ಉತ್ಸಾಹ ಉಕ್ಕಿದಾಗ ಎಲ್ಲರೂ ಕೊಳ್ಳಲು ನುಗ್ಗುತ್ತಾರೆ. ಬೆಲೆ ಕಂಪನಿಯ ಗಳಿಕೆಯನ್ನು ಮೀರಿ ಏರುತ್ತದೆ. ಹಾಗೆ ದುಬಾರಿಗೆ ಕೊಂಡವನಿಗೆ ಮುಂದೆ ಸಿಗುವ ಪ್ರತಿಫಲ ಸಾಮಾನ್ಯವಾಗಿ ಕಡಿಮೆ. ಭಯ ಹಬ್ಬಿದಾಗಲಾದರೋ ಮಾರುವವರೇ ಎಲ್ಲರೂ; ಸಾಲ ಮಾಡಿ ಕೊಂಡವರು ನಿರ್ವಾಹವಿಲ್ಲದೆ ಮಾರುತ್ತಾರೆ; ಏರಿಳಿತ ಮತ್ತಷ್ಟು ತೀವ್ರವಾಗುತ್ತದೆ.

ಕೊರೋನಾ ಕಾಲದಲ್ಲಿ, ೨೦೨೦ರ ಮಾರ್ಚ್ ೨೩ರಂದು, ಸೆನ್ಸೆಕ್ಸ್ ಒಂದೇ ದಿನ ಶೇಕಡಾ ೧೩ರಷ್ಟು ಬಿದ್ದು ೨೬,೦೦೦ದ ಕೆಳಗಿಳಿಯಿತು. ೨೦೨೧ರ ಜನವರಿಯಲ್ಲಿ ೫೦,೦೦೦ವನ್ನು ಮುಟ್ಟಿತು. ಕಾದವನು ಗೆದ್ದನೆಂದು ಪಂಡಿತರು ಹೇಳುತ್ತಾರೆ. ನಿಜವೇ. ಆದರೆ ಕಾಯುವ ಶಕ್ತಿ ಯಾರಿಗಿತ್ತು? ಬಾಗಿಲು ಮುಚ್ಚಿದ ಹೋಟೆಲಿನ ಕೆಲಸಗಾರನಿಗೆ ಆ ತಿಂಗಳ ಬಾಡಿಗೆಗೆ, ಅಕ್ಕಿಬೇಳೆಗೆ ಹಣ ಬೇಕಾಗಿತ್ತು. ಪೇಟೆ ಬಿದ್ದ ಹೊತ್ತಿಗೇ ಕೂಲಿಯೂ ನಿಂತಿತ್ತು. ತಾಳ್ಮೆಯೂ ಒಂದು ಬಂಡವಾಳ. ಅದು ಇದ್ದವರ ಮನೆಯಲ್ಲೇ ಹೆಚ್ಚು.

ಇನ್ನು ಆಪ್ಷನ್, ಫ್ಯೂಚರ್ ಎಂಬ ಸಟ್ಟಾ ವ್ಯವಹಾರದ ಮಾತು. ೨೦೨೨ರ ಮಾರ್ಚಿಗೆ ಮುಗಿದ ಸಾಲಿನಿಂದ ಮೂರು ವರ್ಷಗಳ ಲೆಕ್ಕ ತೆಗೆದ ಸೆಬಿ, ಅದರಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ೧೦೦ಕ್ಕೆ ೯೩ ಮಂದಿ ನಷ್ಟ ಹೊಂದಿದರೆಂದು ೨೦೨೪ರಲ್ಲಿ ಪ್ರಕಟಿಸಿತು. ಇದಕ್ಕಿಂತ ಬೇರೆ ಎಚ್ಚರಿಕೆ ಬೇಕೆ?

ಆದುದರಿಂದ ನಾವು ಹೇಳುವುದಿಷ್ಟೇ: ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಡದೆ ಶೇರಿಗೆ ಕೈಹಾಕಬೇಡಿರಿ, ಸಾಲದ ಹಣವನ್ನಂತೂ ಹಾಕಲೇಬೇಡಿರಿ.

ಒಬ್ಬೊಬ್ಬರಿಂದಾಗದ ಕಾಯುವಿಕೆ ಒಟ್ಟಿಗೆ ಸೇರಿದರೆ ಸಾಧ್ಯ. ೨೦೧೫ರಿಂದ ಭವಿಷ್ಯನಿಧಿಯ ಹೊಸ ಹಣದ ಒಂದಂಶ ಶೇರುಪೇಟೆಗೆ ಹೋಗುತ್ತಿದೆ. ಕೋಟ್ಯಂತರ ಮಂದಿಯ ಹಣ ಒಂದೆಡೆ ಇರುವುದರಿಂದ ಒಂದು ದಿನದ ಕುಸಿತಕ್ಕೆ ಅದು ಹೆದರಿ ಓಡಬೇಕಾಗಿಲ್ಲ. ೨೦ ಮಂದಿ ದುಡಿಯುವ ಸಂಸ್ಥೆಗೆ ಈ ನಿಧಿ ಕಾನೂನಿನಂತೆ ಕಡ್ಡಾಯ. ಅದನ್ನು ತಪ್ಪಿಸಲು ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನೇ ಮರೆಸುವ ಮಾಲಿಕರು ಇನ್ನೂ ಇದ್ದಾರೆ. ಬಂಧುಗಳೇ, ಸೆನ್ಸೆಕ್ಸ್ ನೋಡುವ ಮುನ್ನ ನಿಮ್ಮ ಹೆಸರು ಆ ಪುಸ್ತಕದಲ್ಲಿದೆಯೇ ನೋಡಿಕೊಳ್ಳಿರಿ. ಇಲ್ಲವಾದರೆ ಸಂಘಕ್ಕೆ ಬನ್ನಿರಿ.