ಕಂದು ಕೊಳಕ್ಕೆ ಬಣ್ಣ ಬೆರೆಸಬೇಕೆ?

ಪರ

ಅಮೆರಿಕದ ಫ್ಲಾರಿಡಾ, ಜಾರ್ಜಿಯಾಗಳಲ್ಲಿ ಪೈನ್, ಓಕ್ ಮರಗಳ ನಡುವಿನ ಕೊಳಗಳಿಗೆ ವರ್ಷವಿಡೀ ಎಲೆ, ತೊಗಟೆ ಉದುರುತ್ತವೆ. ಅವು ನೆನೆದು ಟ್ಯಾನಿನ್ ಎಂಬ ಕಂದು ದ್ರವ್ಯ ಬಿಟ್ಟಾಗ ನೀರು ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಕರಗಿದ ಈ ಬಣ್ಣ ತಳಕ್ಕಿಳಿಯುವುದೂ ಇಲ್ಲ, ಮಾಮೂಲಿ ಸೋಸುವಿಕೆಗೆ ಸಿಗುವುದೂ ಇಲ್ಲ. ಹೀಗಾಗಿ ಮಾಲೀಕರಿಗೆ ಸುಲಭವಾದ ದಾರಿ ಡೈ, ಅಂದರೆ ನೀರಿಗೆ ಬೆರೆಸುವ ಬಣ್ಣ.

ಹೆಚ್ಚಿನ ಡೈಗಳಲ್ಲಿರುವ ನೀಲಿ, ತಿಂಡಿ ತಿನಿಸಿಗೂ ಹಾಕುವ ಬ್ರಿಲಿಯಂಟ್ ಬ್ಲೂ. ಹೇಳಿದ ಪ್ರಮಾಣ ಮೀರದಿದ್ದರೆ ಅದು ಮೀನಿಗೆ ವಿಷವಲ್ಲ. ಬೆಳಕನ್ನು ತಡೆಯುವುದರಿಂದ ಪಾಚಿ ಮತ್ತು ತಳದ ಕಳೆಯೂ ಕುಗ್ಗುತ್ತವೆ. ಆದರೆ ಕಂದು ನೀರಿಗೆ ನೀಲಿ ಬೆರೆಸಿದರೆ ಮಂಕು ಹಸಿರು ಬರುತ್ತದೆ. ಅಲ್ಲಿ ಕಪ್ಪು ಡೈಯೇ ಸರಿ. ಕಪ್ಪಾದ ನೀರಿನಲ್ಲಿ ದಡದ ಮರಗಳು, ಆಕಾಶ ಚೆನ್ನಾಗಿ ಪ್ರತಿಫಲಿಸುತ್ತವೆ. ಟ್ಯಾನಿನ್ ಅಲ್ಲೇ ಉಳಿದಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ವಿರೋಧ

ಕಣ್ಣಿಗೆ ಬೀಳದಂತೆ ಮಾಡುವುದೇ ಇಲ್ಲಿನ ದೊಡ್ಡ ತಪ್ಪು. ಕೊಳದ ಜೀವ ನಿಂತಿರುವುದು ಬೆಳಕಿನ ಮೇಲೆ. ಮೇಲ್ಪದರದ ಸೂಕ್ಷ್ಮ ಪಾಚಿಗಳು ಬಿಸಿಲು ಹೀರಿ ಆಮ್ಲಜನಕ ಕೊಡುತ್ತವೆ. ಅವನ್ನು ತಿಂದು ಬದುಕುವ ಕಿರುಜೀವಿಗಳೇ ಮೀನಿನ ಮರಿಗಳ ಆಹಾರ. ಆ ಪಾಚಿಗಳಿಗೆ ಮುಖ್ಯವಾಗಿ ಬೇಕಾದದ್ದು ನೀಲಿ ಮತ್ತು ಕೆಂಪು ಬೆಳಕು. ಟ್ಯಾನಿನ್ ತುಂಬಿದ ನೀರು ನೀಲಿ ಬೆಳಕಿನ ಬಹುಪಾಲನ್ನು ಆಗಲೇ ನುಂಗಿರುತ್ತದೆ. ಬ್ರಿಲಿಯಂಟ್ ಬ್ಲೂ ಹೀರುವುದು ಉಳಿದ ಕೆಂಪನ್ನು. ತಿಳಿನೀರಿನ ಕೊಳ ತಾಳಿಕೊಳ್ಳಬಹುದಾದ ಈ ನೆರಳು ಕಂದು ಕೊಳಕ್ಕೆ ಎರಡನೇ ಹೊಡೆತ. ಅತ್ತ ತಳದಲ್ಲಿ ಕೊಳೆಯುತ್ತಿರುವ ಎಲೆರಾಶಿ ಇದ್ದ ಆಮ್ಲಜನಕವನ್ನೂ ಖಾಲಿ ಮಾಡುತ್ತಿರುತ್ತದೆ. ಮೇಲೆ ಬಣ್ಣ ಕಪ್ಪಾದಷ್ಟೂ ಆ ರಾಶಿಯ ನೆನಪು ಮಾಲೀಕನಿಂದ ದೂರವಾಗುತ್ತದೆ.

ಇಷ್ಟಕ್ಕೂ ಕಂದು ನೀರು ಕೊಳಕು ನೀರಲ್ಲ. ಜಾರ್ಜಿಯಾ–ಫ್ಲಾರಿಡಾ ಗಡಿಯ ಒಕೆಫೆನೋಕಿ ಜೌಗು 1937ರಿಂದ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣ. ಅಲ್ಲಿಂದ ಹೊರಡುವ ಸುವಾನಿ ನದಿಯ ನೀರೂ ಟ್ಯಾನಿನ್ನಿನಿಂದ ಕಪ್ಪು. ಮೀನು, ಮೊಸಳೆ ಜಾತಿಯ ಆಲಿಗೇಟರ್, ನೀರುಹಕ್ಕಿಗಳು ಅಲ್ಲಿ ತುಂಬಿವೆ. ಅಮೆಜಾನಿನ ರಿಯೋ ನೀಗ್ರೋದಲ್ಲಿಯೂ ಇದೇ ಕಥೆ.

ಡೈ ಉಳಿಯುವುದೂ ಇಲ್ಲ. ಬಿಸಿಲಿಗೆ ಕೆಲವು ವಾರಗಳಲ್ಲಿ ಮಾಸುತ್ತದೆ, ಮಳೆಗೆ ಕೋಡಿ ಹರಿದರೆ ಕೆಳಗಿನ ತೊರೆ ಸೇರುತ್ತದೆ. ಮತ್ತೆ ಮತ್ತೆ ಸುರಿಯಬೇಕು. ಮೂಲಕ್ಕೆ ಮದ್ದೆಂದರೆ ಬಿದ್ದ ಎಲೆಯನ್ನು ಬಲೆಯಿಂದ ಎತ್ತುವುದು, ಕಾಡಿನಿಂದ ಹರಿದು ಬರುವ ನೀರನ್ನು ಬೇರೆಡೆ ತಿರುಗಿಸುವುದು, ತಳದಿಂದ ಗಾಳಿ ಊದಿಸುವುದು. ಚಿಕ್ಕ ಕೊಳವಾದರೆ ಸಕ್ರಿಯ ಇದ್ದಿಲಿನ ಸೋಸುಕ ಟ್ಯಾನಿನ್ನನ್ನೇ ಹಿಡಿಯುತ್ತದೆ. ಆಲಮ್ (ಪಟಿಕ) ಕೂಡ ಕೆಲಸ ಮಾಡುತ್ತದೆ, ಆದರೆ ಟ್ಯಾನಿನ್ ನೀರು ಸಾಮಾನ್ಯವಾಗಿ ಮೆದು ಮತ್ತು ಹುಳಿ. ಸುಣ್ಣದ ಆಸರೆಯಿಲ್ಲದೆ ಹಾಕಿದರೆ ಹುಳಿ ಏರಿ ಮೀನು ಸಾಯಬಹುದು. ಮೀನಿಲ್ಲದ, ನೀರು ಹೊರಹರಿಯದ, ನೋಟಕ್ಕಷ್ಟೇ ಇರುವ ಗಾಲ್ಫ್ ಮೈದಾನದ ಹೊಂಡಕ್ಕೆ ಡೈ ಹಾಕಿದರೆ ಆಕ್ಷೇಪವಿಲ್ಲ.

ಉಳಿದವರು ಡೈ ಕೊಳ್ಳುವ ಮೊದಲು ಗಾಜಿನ ಜಾಡಿಯಲ್ಲಿ ಕೊಳದ ನೀರು ತುಂಬಿ ಕೆಲವು ದಿನ ಅಲುಗಿಸದೆ ಇಡಬೇಕು. ತಳದಲ್ಲಿ ಕೆಸರು ಕೂತು ನೀರು ತಿಳಿಯಾದರೆ ಕಾರಣ ಮಣ್ಣು. ನೀರು ಪಾರದರ್ಶಕವಾಗಿದ್ದೂ ಕಂದು ಉಳಿದರೆ ಟ್ಯಾನಿನ್. ಆಗ ಕೊಳಕ್ಕೆ ಬೇಕಾದದ್ದು ಎಲೆ ಎತ್ತುವ ಬಲೆ, ಡೈ ಅಲ್ಲ.